ಸ್ಟೀವನ್ಸ್ ಹಿಟ್: 2000ದಲ್ಲಿ ಸರಿ, ಇವತ್ತಾಗಿದ್ದರೆ?

ನೀಲಿಗೆರೆ:
2000ದ ಮೇ 26, ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ಈಸ್ಟರ್ನ್ ಕಾನ್ಫರೆನ್ಸ್ ಫೈನಲ್‌ನ ಏಳನೇ ಪಂದ್ಯ, ಫಿಲಡೆಲ್ಫಿಯಾ. ಮೊದಲ ಪೀರಿಯಡ್‌ನಲ್ಲಿ ಫ್ಲೈಯರ್ಸ್ ತಂಡದ ಎರಿಕ್ ಲಿಂಡ್ರೋಸ್ ಪಕ್ (ಚೆಂಡಿನ ಬದಲು ಬಳಸೋ ರಬ್ಬರ್ ಬಿಲ್ಲೆ) ಹಿಡಿದು ಎದುರಾಳಿ ಡೆವಿಲ್ಸ್ ತಂಡದ ನೀಲಿ ಗೆರೆ (ಅವರ ರಕ್ಷಣಾ ವಲಯದ ಗಡಿ) ದಾಟಿ ಮಧ್ಯಕ್ಕೆ ಹೊರಳುತ್ತಾರೆ, ಕಣ್ಣು ಸ್ಟಿಕ್ಕಿನ ತುದಿಯಲ್ಲೇ. ಡೆವಿಲ್ಸ್‌ನ ಸ್ಕಾಟ್ ಸ್ಟೀವನ್ಸ್ ಭುಜ ನೇರ ದವಡೆಗೆ. ರೆಫರಿ ಪೆನಾಲ್ಟಿಗೆ ಕೈ ಎತ್ತಲೇ ಇಲ್ಲ. ಡೆವಿಲ್ಸ್ 2-1ರಲ್ಲಿ ಗೆದ್ದರು, ಆಮೇಲೆ ಡಲ್ಲಾಸನ್ನು ಮಣಿಸಿ ಲೀಗ್‌ನ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಕೂಡ ಎತ್ತಿದರು. ಫ್ಲೈಯರ್ಸ್ ಪರವಾಗಿ ಲಿಂಡ್ರೋಸ್ ಆಡಿದ ಕೊನೆಯ ಎನ್‌ಎಚ್‌ಎಲ್ ಪಂದ್ಯ ಅದೇ.

ಮೊಣಕೈ ಪಕ್ಕೆಗೆ ಅಂಟಿಕೊಂಡಿದೆ, ಸ್ಕೇಟ್ ಐಸ್ ಬಿಟ್ಟಿಲ್ಲ. ಹಾಗಾಗಿ ಎಲ್ಬೋಯಿಂಗ್ (ಮೊಣಕೈಯಿಂದ ಹೊಡೆಯೋದು), ಚಾರ್ಜಿಂಗ್ (ಹಾರಿಯೋ ರಭಸದಿಂದ ನುಗ್ಗಿಯೋ ಹೊಡೆಯೋದು) ಎರಡನ್ನೂ ಬದಿಗಿಡೋಣ. ಭುಜದಿಂದ ತಲೆಗೆ ಹೊಡೆಯೋದನ್ನ ತಡೆಯೋ ನಿಯಮ ಆಗ ಇರಲಿಲ್ಲ. ತಲೆಗೆ ಬೀಳೋ ಏಟಿನ ಬಗ್ಗೆ ಇರೋ ಈಗಿನ 48ನೇ ನಿಯಮದಡಿ ಇದು ಏನಾಗುತ್ತೆ? "ತಲೆ ತಗ್ಗಿಸಿದ್ದು ಅವನದೇ ತಪ್ಪು" ಅನ್ನೋ ವಾದ ಈಗಲೂ ನಿಲ್ಲುತ್ತಾ?

ಪಟ್ಟೆಅಂಗಿ:
ಎರಡು ಪ್ರಶ್ನೆ ಕೇಳ್ಕೋಬೇಕು, ಇದೇ ಕ್ರಮದಲ್ಲಿ. ಏಟಿನ ಮುಖ್ಯ ಭಾಗ ಬಿದ್ದಿದ್ದು ತಲೆಗಾ? ಹೌದಾದರೆ, ತಲೆಗೆ ತಾಗೋದನ್ನ ತಪ್ಪಿಸಬಹುದಿತ್ತಾ? ಎರಡಕ್ಕೂ ಹೌದು ಅಂತ ಬಂದಾಗ ಮಾತ್ರ ಅದು 48ರ ಉಲ್ಲಂಘನೆ. ಕೊಡಗಿನ ಮೈದಾನದ ಹಾಕಿ ನೋಡಿ ಬೆಳೆದವರಿಗೆ ಮೈಗೆ ಮೈ ತಾಗಿಸಿದರೇ ಫೌಲ್. ಐಸ್ ಮೇಲೆ ಪಕ್ ಇದ್ದವನಿಗೆ ಭುಜ ಕೊಡೋದು ಆಟದ ಭಾಗ, ಆದ್ದರಿಂದ ಇಷ್ಟು ಬಿಡಿಸಿ ನೋಡಬೇಕಾಗುತ್ತೆ.

ಮೊದಲನೆಯದಕ್ಕೆ ಕ್ಲಿಪ್ಪನ್ನು ಒಂದೊಂದೇ ಫ್ರೇಮ್ ಸರಿಸಿ. ತಾಗಿದ ಮೇಲಿನ ಎರಡು ಮೂರು ಫ್ರೇಮ್‌ನಲ್ಲಿ ಮೊದಲು ಅಲುಗಿದ್ದು ಏನು? ಎದೆ, ಹೆಗಲು, ಹೆಲ್ಮೆಟ್ ಒಟ್ಟಿಗೇ ಹಿಂದಕ್ಕೆ ಹೋದರೆ ಏಟು ಮೈಗೆ. ಹೆಲ್ಮೆಟ್ ಗಿರ್ರನೆ ತಿರುಗಿ, ಎದೆ ಇನ್ನೂ ಮುಂದಕ್ಕೇ ಸಾಗ್ತಿದ್ದರೆ ಏಟು ತಲೆಗೆ. ಲಿಂಡ್ರೋಸ್ ವಿಷಯದಲ್ಲಿ ದವಡೆಯೇ ಮೊದಲು. ಇದರಲ್ಲಿ ಚರ್ಚೆಗೆ ಜಾಗ ಇಲ್ಲ.

ಎರಡನೆಯದಕ್ಕೆ ನಿಯಮವೇ ಮೂರು ವಿಷಯ ನೋಡಿ ಅನ್ನುತ್ತೆ. ಹೊಡೆದವನು ಮೈಯ ನಡುಭಾಗದ ಮೂಲಕವೇ ಹೋಗೋಕೆ ನೋಡಿದನಾ, ಅಥವಾ ಸಮಯ ತಪ್ಪಿಯೋ, ಕೋನ ತಪ್ಪಿಯೋ, ಅನಗತ್ಯವಾಗಿ ಮೇಲಕ್ಕೆ ಚಾಚಿಯೋ ಬರೀ ತಲೆಯನ್ನ ಆರಿಸಿಕೊಂಡ ಹಾಗಾಯ್ತಾ? ಏಟು ತಿಂದವನ ಭಂಗಿಯಿಂದಾಗಿ, ಸರಿಯಾದ ಮೈಹೊಡೆತದಲ್ಲೂ ತಲೆ ತಪ್ಪಿಸೋಕೆ ಆಗದ ಹಾಗಿತ್ತಾ? ಕೊನೇ ಗಳಿಗೆಯಲ್ಲಿ ಅವನು ಮೈಯನ್ನೋ ತಲೆಯನ್ನೋ ಬೇರೆ ಕಡೆ ತಿರುಗಿಸಿದನಾ?

ಮೂರನೆಯದು ಇಲ್ಲಿ ಸ್ಟೀವನ್ಸ್ ಪರ ಬರಲ್ಲ. ಲಿಂಡ್ರೋಸ್ ಬಾಗಿದ್ದು ಕೊನೇ ಗಳಿಗೆಯಲ್ಲಲ್ಲ, ಮೊದಲೇ ಬಾಗಿದ್ದರು, ಸ್ಟೀವನ್ಸ್‌ಗೆ ಅದು ಕಣ್ಣಿಗೆ ಕಟ್ಟಿದ ಹಾಗೆ ಕಾಣ್ತಿತ್ತು. ಅಡ್ಡವಾಗಿ ಬಂದ ಕೋನದಲ್ಲಿ ಭುಜಕ್ಕೆ ಎದೆ ಸಿಗಲಿಲ್ಲ, ಮುಖ ಸಿಕ್ತು. ನನ್ನ ತೀರ್ಪು: ಇವತ್ತಾಗಿದ್ದರೆ ಅಕ್ರಮ.

ಮೂರನೇಜೋಡಿ:
ಕೊನೇ ಮಾತಿಗೆ ನನ್ನ ತಕರಾರಿದೆ. ಆರಡಿ ನಾಲ್ಕಂಗುಲದ ಆಳು ಸೊಂಟದಿಂದ ಬಾಗಿ ಪಕ್ ಹುಡುಕ್ತಾ ಬಂದರೆ ಹೆಲ್ಮೆಟ್ ಎದೆಗಿಂತ ಮುಂದೆ ಇರುತ್ತೆ. ಎದುರಿಂದ ಬಂದವನಿಗೆ ಎದೆ ಸಿಗಬೇಕಾದರೆ ಮೊದಲು ತಲೆ ದಾಟಬೇಕು. ನೀವು ಹೇಳಿದ ಎರಡನೇ ವಿಷಯ ಬರೆದಿರೋದೇ ಇಂಥ ಭಂಗಿಗೆ. "ಹೊಡೆಯದೇ ಬಿಡಬಹುದಿತ್ತಲ್ಲ" ಅಂತ ನಿಯಮ ಕೇಳಲ್ಲ. ಹೊಡೆದ ರೀತಿಯಲ್ಲಿ ತಪ್ಪಿಸೋಕೆ ಆಗ್ತಿತ್ತಾ ಅಂತ ಕೇಳುತ್ತೆ.

ನಿಯಮ ಹುಟ್ಟಿದ್ದು ಯಾವುದಕ್ಕೆ ಅಂತಲೂ ನೋಡಿ. 2010ರ ಮಾರ್ಚ್ 7ರಂದು ಪಿಟ್ಸ್‌ಬರ್ಗ್‌ನಲ್ಲಿ ಮ್ಯಾಟ್ ಕುಕ್ ಅವರು ಎದುರಾಳಿ ಮಾರ್ಕ್ ಸವಾರ್ಡ್ ತಲೆಗೆ ಕಣ್ಣಿಗೆ ಬೀಳದ ಬದಿಯಿಂದ ಹೊಡೆದರು. ಪೆನಾಲ್ಟಿಯೂ ಇಲ್ಲ, ಅಮಾನತೂ ಇಲ್ಲ, ಯಾಕಂದರೆ ಪುಸ್ತಕದಲ್ಲಿ ಅದಕ್ಕೆ ಹೆಸರೇ ಇರಲಿಲ್ಲ. ಅದೇ ತಿಂಗಳು ಲೀಗ್ ಎಚ್ಚೆತ್ತುಕೊಂಡಿತು. ಮೊದಲು ಪಕ್ಕದಿಂದ, ಕಾಣದ ಬದಿಯಿಂದ ಬಂದ ಏಟಿಗೆ ಮಾತ್ರ ಅನ್ವಯ. 2011-12ರಲ್ಲಿ ದಿಕ್ಕಿನ ಮಾತು ತೆಗೆದರು. 2013-14ರಲ್ಲಿ "ಗುರಿಯಿಟ್ಟು" ಅನ್ನೋದು ಹೋಗಿ "ತಪ್ಪಿಸಬಹುದಾದ" ಅನ್ನೋದು ಬಂತು. ಅಂದರೆ ಮನಸ್ಸಲ್ಲಿ ಏನಿತ್ತು ಅಂತ ಹುಡುಕೋ ಕೆಲಸ ತಪ್ಪಿತು, ಅದು ಒಳ್ಳೇದೇ ಆಯ್ತು.

ಇನ್ನೊಂದು ತೊಡಕು. ಎನ್‌ಎಚ್‌ಎಲ್‌ನಲ್ಲಿ 48ಕ್ಕೆ ಎರಡು ನಿಮಿಷ ಹೊರಗೆ ಕೂರಿಸೋ ಮೈನರ್ ಇದೆ, ಇಲ್ಲಾ ಪಂದ್ಯದಿಂದಲೇ ಹೊರಹಾಕೋ ಮ್ಯಾಚ್ ಪೆನಾಲ್ಟಿ. ನಡುವೆ ಐದು ನಿಮಿಷದ ಮೇಜರ್ ಇಲ್ಲ. ಸಂದೇಹ ಇರೋ ರೆಫರಿ ಎರಡು ನಿಮಿಷಕ್ಕೇ ನಿಲ್ಲೋದು ಸಹಜ. ಅಮಾನತು ಆಮೇಲೆ ಲೀಗ್‌ನ ಶಿಸ್ತು ವಿಭಾಗವಾದ ಡಿಪಾರ್ಟ್‌ಮೆಂಟ್ ಆಫ್ ಪ್ಲೇಯರ್ ಸೇಫ್ಟಿ ನೋಡೋ ಬೇರೆ ವಿಚಾರ. ಸ್ಟೀವನ್ಸ್‌ಗೆ ನಾನಾದರೆ ಎರಡು ನಿಮಿಷ ಕೊಡ್ತಿದ್ದೆ, ಅಮಾನತು ಮಾಡ್ತಿರಲಿಲ್ಲ.

ಐಸ್‌ಪಾಠ:
"ಹೊಡೆದ ರೀತಿಯಲ್ಲಿ ತಪ್ಪಿಸೋಕೆ ಆಗ್ತಿತ್ತಾ" ಅನ್ನೋದಕ್ಕೆ ಉತ್ತರ ಇದೆ, ಬಾಡಿ ಚೆಕ್ (ಮೈಯಿಂದ ಹೊಡೆದು ತಡೆಯೋದು) ಕಲಿಸೋವಾಗ ಹೇಳೋದೇ ಅದು. ಕೊನೆಯ ಎರಡು ಮೂರು ಹೆಜ್ಜೆ ಸ್ಕೇಟಿನಿಂದ ಐಸನ್ನ ಒದೆಯೋದು ನಿಲ್ಲಿಸಿ ಬರೀ ಜಾರಬೇಕು. ಕೊನೇವರೆಗೂ ಒದ್ದು ಬಂದರೆ ಕೋನ ತಿದ್ದೋಕೆ ಆಗಲ್ಲ, ಚಾರ್ಜಿಂಗ್ ಅಂತಲೂ ಕರೀತಾರೆ. ಮಂಡಿ ಚೆನ್ನಾಗಿ ಬಗ್ಗಿಸಿ, ನಿಮ್ಮ ಭುಜ ಅವನ ಜೆರ್ಸಿಯ ಲಾಂಛನದ ಮಟ್ಟಕ್ಕೆ ಇಳೀಬೇಕು. ಬಲ ಮುಂದಕ್ಕೆ ಹೋಗಲಿ, ಮೇಲಕ್ಕಲ್ಲ. ಸ್ಟಿಕ್ಕಿನ ಬ್ಲೇಡ್ ಐಸ್ ಮೇಲೇ ಇರಲಿ, ಅದು ಎದ್ದರೆ ಕೈ ಏಳುತ್ತೆ, ಕೈ ಎದ್ದರೆ ಮೊಣಕೈ ಮುಖಕ್ಕೆ.

ಎದುರಾಳಿಯ ಹೆಲ್ಮೆಟ್ ಲಾಂಛನವನ್ನ ಮುಚ್ಚಿಬಿಟ್ಟಿದ್ದರೆ ಭುಜದ ಹೊಡೆತ ಬಿಡಿ. ಸ್ಟಿಕ್ಕನ್ನ ಪಕ್ ಮೇಲೆ ಹಾಕಿ, ಸೊಂಟ ತಗ್ಗಿಸಿ ಅವನ ದಾರಿಗೆ ಮೈ ಅಡ್ಡ ಇಡಿ. ಅವನು ನಿಂತೇ ನಿಲ್ತಾನೆ. ಮೂರನೇಜೋಡಿಯವರೇ, ಸ್ಟೀವನ್ಸ್ ಇನ್ನೊಂದು ಅರ್ಧ ಅಡಿ ತಗ್ಗಿ, ಒಂದು ಹೆಜ್ಜೆ ತಡವಾಗಿ ಬಂದಿದ್ದರೆ ಲಿಂಡ್ರೋಸ್ ಹೆಗಲು ಸಿಗ್ತಿತ್ತು. ತಪ್ಪಿಸೋ ದಾರಿ ಇತ್ತು ಅಂತಲೇ ನನ್ನ ವಾದ.

ಕ್ಲಿಪ್ ನೋಡುವವರಿಗೆ ಒಂದು ಮಾತು: ತಾಗಿದ ಮೇಲೆ ಸ್ಕೇಟ್ ಮೇಲಕ್ಕೆ ಹಾರೋದು, ಮೊಣಕೈ ಏಳೋದು ಏಟಿನ ರಭಸಕ್ಕೆ. ಲೆಕ್ಕಕ್ಕೆ ಬರೋದು ತಾಗಿದ ಫ್ರೇಮ್ ಮತ್ತು ಅದರ ಹಿಂದಿನದು.

ನೀಲಿಗೆರೆ:
ಒಪ್ಪಿದೆ, ಕೋನ ಮತ್ತು ಎತ್ತರ ನಾನು ಸರಿಯಾಗಿ ನೋಡಿರಲಿಲ್ಲ. ಹಾಗಾದರೆ 2003ರ ಸ್ಟ್ಯಾನ್ಲಿ ಕಪ್ ಫೈನಲ್‌ನ ಆರನೇ ಪಂದ್ಯದಲ್ಲಿ ಸ್ಟೀವನ್ಸ್ ಅವರೇ ಅನಾಹೈಮ್ ತಂಡದ ಪಾಲ್ ಕರಿಯಾಗೆ ಹೊಡೆದದ್ದು? ಅದಕ್ಕೂ ಪೆನಾಲ್ಟಿ ಇರಲಿಲ್ಲ.

ಪಟ್ಟೆಅಂಗಿ:
ಅದು ಇನ್ನೂ ಸುಲಭದ ಕೇಸು, 48ರವರೆಗೆ ಹೋಗೋದೇ ಬೇಡ. ಕರಿಯಾ ಆಗಲೇ ಪಾಸ್ ಕೊಟ್ಟು ಅದು ಹೋದ ಕಡೆ ನೋಡ್ತಿದ್ದರು. ಪಕ್ ಕೈಬಿಟ್ಟ ತಕ್ಷಣ ಆದ ಹೊಡೆತಕ್ಕೆ ಮಾತ್ರ ವಿನಾಯಿತಿ, ತಡವಾದರೆ 56ನೇ ನಿಯಮದ ಇಂಟರ್‌ಫಿಯರೆನ್ಸ್ (ಪಕ್ ಇಲ್ಲದವನಿಗೆ ಅಡ್ಡಿ ಮಾಡೋದು). ಸೆಕೆಂಡಿಗೆ 30 ಫ್ರೇಮ್‌ನ ಕ್ಲಿಪ್ಪಾದರೆ ಪಕ್ ಬ್ಲೇಡ್ ಬಿಟ್ಟ ಫ್ರೇಮ್‌ನಿಂದ ಎಣಿಸಿ. 15 ದಾಟಿದರೆ ಅರ್ಧ ಸೆಕೆಂಡ್ ಆಯ್ತು, ಅಷ್ಟರಲ್ಲಿ ಹೊಡೆಯೋನಿಗೆ ಪಕ್ ಹೋಗಿದ್ದು ಕಂಡಿರುತ್ತೆ. ಎಣಿಸೋವಾಗ ಸ್ಲೋ ಮೋಷನ್ ಮರುಪ್ರಸಾರದ ಕ್ಲಿಪ್ ತಗೋಬೇಡಿ, ಅದರ ಫ್ರೇಮ್ ಲೆಕ್ಕವೇ ಬೇರೆ. ನೇರಪ್ರಸಾರದ ವೇಗದ್ದೇ ಬೇಕು. ಕರಿಯಾ ಅದೇ ಪಂದ್ಯಕ್ಕೆ ಮರಳಿ ಬಂದು ಗೋಲು ಹೊಡೆದರು ಅಂತ ಎಲ್ಲರೂ ಹೇಳ್ತಾರೆ. ನಿಜ, ಆದರೆ ಏಟು ತಿಂದವನು ಎದ್ದು ಬಂದ ಅನ್ನೋದರಿಂದ ಹಿಟ್ ಸಕ್ರಮ ಆಗಲ್ಲ.