ವಿಜ್ಞಾನ ಕಥೆಗಳ ಪುಟ್ಟ ಪತ್ರಿಕೆ ತರ್ತಾ ಇದ್ದೇವೆ, ಅನುಭವ ಇದ್ದವರು ಹೇಳಿ

ನೀಹಾರಿಕೆ:
ನಾವು ಮೂವರು ಗೆಳತಿಯರು. ಮೂವರಿಗೂ ವಿಜ್ಞಾನ ಕಥೆ ಅಂದ್ರೆ ಪ್ರಾಣ. ವರ್ಷಗಟ್ಟಲೆ ಓದಿ ಹರಟಿದ್ದಾಯ್ತು, ಈಗ ನಮ್ಮದೇ ಒಂದು ಪತ್ರಿಕೆ ತರೋಣ ಅಂತ ಹೊರಟಿದ್ದೇವೆ. ಎ5 ಅಳತೆ, 32 ಪುಟ, ಮೊದಲಿಗೆ 100 ಪ್ರತಿ. ನಾಲ್ಕು ಕಥೆ, ಒಂದು ಲೇಖನ ಕೈಯಲ್ಲಿವೆ. ಆದರೆ ಆಗಲೇ ನಮ್ಮಲ್ಲಿ ಜಗಳ. ಪಿಡಿಎಫ್ ಮಾಡಿ ಎಲ್ಲರಿಗೂ ಕಳಿಸಿದರೆ ಮುಗೀತಲ್ಲ, ಅಚ್ಚು ಯಾಕೆ ಅಂತಾಳೆ ಒಬ್ಬಳು. ಇನ್ನೊಬ್ಬಳಿಗೆ ಕೈಯಲ್ಲಿ ಹಿಡಿಯೋ ಪತ್ರಿಕೆಯೇ ಬೇಕು. ನನ್ನ ಚಿಂತೆ ಬೇರೆ. ಇಂಥ ಪತ್ರಿಕೆಗಳು ಎರಡು ಮೂರು ಸಂಚಿಕೆ ಬಂದು ನಿಂತು ಹೋಗ್ತವೆ ಅಲ್ವಾ, ಯಾಕೆ?

ಹಳೇ ಓದುಗ:
ದುಡ್ಡು ಸಾಲದೆ ನಿಲ್ಲುವುದು ಉಂಟು. ಆದರೆ ನಾನು ಹತ್ತಿರದಿಂದ ನೋಡಿದ ಪತ್ರಿಕೆಗಳು ನಿಂತಿದ್ದು ಯಾರೂ ಒಂದು ಸಾಲು ತಿರುಗಿ ಬರೆಯಲಿಲ್ಲ ಅನ್ನುವ ಬೇಸರಕ್ಕೆ. ರಾತ್ರಿಯೆಲ್ಲ ಕೂತು ಪುಟ ಕಟ್ಟಿ ಕಳಿಸಿದ ಮೇಲೆ ಬಾವಿಗೆ ಕಲ್ಲು ಹಾಕಿದರೂ ಸದ್ದು ಬರಲಿಲ್ಲ ಅಂದ್ರೆ ಮುಂದಿನ ಸಂಚಿಕೆಗೆ ಕೈ ಏಳುವುದಿಲ್ಲ.

ಫ್ಯಾನ್‌ಜೀನ್, ಅಂದ್ರೆ ಅಭಿಮಾನಿಗಳೇ ತರುವ ನಿಮ್ಮದರಂಥ ಪುಟ್ಟ ಪತ್ರಿಕೆ, ಹುಟ್ಟಿದ್ದೇ ಓದುಗರ ಪತ್ರದಿಂದ. 1926ರಲ್ಲಿ ಹ್ಯೂಗೋ ಗರ್ನ್ಸ್‌ಬ್ಯಾಕ್ ಅಮೆರಿಕದಲ್ಲಿ 'ಅಮೇಜಿಂಗ್ ಸ್ಟೋರೀಸ್' ಅನ್ನುವ ವಿಜ್ಞಾನ ಕಥೆಗಳ ಪತ್ರಿಕೆ ಶುರು ಮಾಡಿದರು. ಅದರಲ್ಲಿ ಓದುಗರ ಪತ್ರದ ಜೊತೆಗೆ ವಿಳಾಸವೂ ಅಚ್ಚಾಗುತ್ತಿತ್ತು. ಅದನ್ನು ನೋಡಿ ಓದುಗರು ಒಬ್ಬರಿಗೊಬ್ಬರು ನೇರವಾಗಿ ಬರೆಯತೊಡಗಿದರು, ಸಂಘ ಕಟ್ಟಿಕೊಂಡರು. ಅಂಥದೇ ಒಂದು ಸಂಘದಿಂದ 1930ರಲ್ಲಿ 'ದಿ ಕಾಮೆಟ್' ಬಂತು. ಮೊದಲ ಫ್ಯಾನ್‌ಜೀನ್ ಅಂತ ಸಾಮಾನ್ಯವಾಗಿ ಹೆಸರಿಸುವುದು ಅದನ್ನೇ. 'ಫ್ಯಾನ್‌ಜೀನ್' ಅನ್ನುವ ಪದ ಹುಟ್ಟಿದ್ದು ಹತ್ತು ವರ್ಷ ತಡವಾಗಿ, 1940ರಲ್ಲಿ.

ಪ್ರತಿ ತೆಗೆಯಲು ಆಗಿನವರ ಹತ್ತಿರ ಏನಿತ್ತು ಹೇಳಿ? ಹೆಕ್ಟೋಗ್ರಾಫ್ ಅಂದ್ರೆ ತಟ್ಟೆಯಲ್ಲಿ ಹಾಸಿದ ಜೆಲಾಟಿನ್. ನೇರಳೆ ಶಾಯಿಯಲ್ಲಿ ಬರೆದ ಹಾಳೆಯನ್ನು ಅದರ ಮೇಲೆ ಒತ್ತಬೇಕು, ಶಾಯಿ ಅದಕ್ಕೆ ಇಳಿದ ಮೇಲೆ ಖಾಲಿ ಹಾಳೆಗಳನ್ನು ಒಂದೊಂದಾಗಿ ಹಾಕಿ ತೆಗೆಯಬೇಕು. ಐವತ್ತರ ಹತ್ತಿರ ಬರುವಷ್ಟರಲ್ಲಿ ಅಕ್ಷರ ಮಸುಕು. ಕೈಗೆಲ್ಲ ನೇರಳೆ. ಆ ಪ್ರತಿಗಳಲ್ಲಿ ಎಷ್ಟೋ ಮಾರಾಟಕ್ಕೆ ಇರಲೇ ಇಲ್ಲ. ಓದಿ ಒಂದು ಪತ್ರ ಬರೆದರೆ ಅಥವಾ ನಿಮ್ಮ ಪತ್ರಿಕೆ ಕಳಿಸಿಕೊಟ್ಟರೆ ಮುಂದಿನ ಸಂಚಿಕೆ ನಿಮ್ಮ ಮನೆಗೆ ಬರುತ್ತಿತ್ತು. ನೀವೂ ಹಾಗೆ ಮಾಡಿ. 32ರಲ್ಲಿ ಎರಡು ಪುಟ ಓದುಗರ ಪತ್ರಕ್ಕೆ ಮೀಸಲಿಡಿ. ಕಥೆ ಜಾಸ್ತಿಯಾಯ್ತು ಅಂತ ಆ ಎರಡು ಪುಟಕ್ಕೆ ಮಾತ್ರ ಕೈ ಹಾಕಬೇಡಿ.

ಮಡಿಕೆಗೆರೆ:
ನಾನು ಅಚ್ಚಿನ ಕಡೆಯವನು. 32 ಪುಟ ಒಳ್ಳೇದೇ, ಮಧ್ಯಕ್ಕೆ ಪಿನ್ ಹೊಡೆಯುವ ಪತ್ರಿಕೆಗೆ ಪುಟಗಳು ನಾಲ್ಕರ ಲೆಕ್ಕದಲ್ಲೇ ಇರಬೇಕು. ಎಂಟು ಎ4 ಹಾಳೆ ಸಾಕು. ಕಂಪ್ಯೂಟರ್ ಮುಟ್ಟುವ ಮೊದಲು ಎಂಟು ಖಾಲಿ ಹಾಳೆ ಮಡಚಿ, ಒಂದರೊಳಗೊಂದು ಸೇರಿಸಿ, ಪೆನ್ಸಿಲ್‌ನಲ್ಲಿ ಪುಟದ ನಂಬರ್ ಹಾಕಿ. ಆಮೇಲೆ ಬಿಡಿಸಿ ನೋಡಿ. ಹೊರಗಿನ ಹಾಳೆಯ ಒಂದು ಮಗ್ಗುಲಲ್ಲಿ 32 ಮತ್ತು 1, ಹಿಂದೆ 2 ಮತ್ತು 31. ಪಕ್ಕಪಕ್ಕದ ನಂಬರ್ ಕೂಡಿದರೆ ಯಾವಾಗಲೂ 33 ಬರಬೇಕು, ಬರಲಿಲ್ಲ ಅಂದ್ರೆ ಎಲ್ಲೋ ತಪ್ಪಿದೆ. ನನ್ನ ಮೊದಲ ಪತ್ರಿಕೆಯಲ್ಲಿ ಇದನ್ನು ಬಿಟ್ಟು, ಒಂದು ಕಥೆಯ ಕೊನೆ ಇನ್ನೊಂದರ ನಡುವೆ ಹೋಗಿ ಕೂತಿತ್ತು. ಅಷ್ಟೂ ಪ್ರತಿ ಬಿಚ್ಚಿದೆವು.

ಇನ್ನೊಂದು, ಮಡಚಿದಾಗ ಒಳಗಿನ ಹಾಳೆಗಳು ಸ್ವಲ್ಪ ಹೊರಗೆ ಚಾಚುತ್ತವೆ. ಅಂಚು ಕತ್ತರಿಸಿದರೆ ಮಧ್ಯದ ಪುಟಗಳಲ್ಲಿ ಅಂಚಿನ ಜಾಗ ಕಡಿಮೆಯಾಗುತ್ತದೆ, ಹಾಗಾಗಿ ಅಕ್ಷರಗಳನ್ನು ಅಂಚಿಗೆ ತೀರಾ ಹತ್ತಿರ ಕೂರಿಸಬೇಡಿ. ಮಾಮೂಲಿ ಸ್ಟೇಪ್ಲರ್ ಮಡಿಕೆಯವರೆಗೆ ಮುಟ್ಟುವುದಿಲ್ಲ, ಉದ್ದ ತೋಳಿನದ್ದು ಯಾರ ಹತ್ತಿರವಾದರೂ ಇದೆಯಾ ಕೇಳಿ. ನೂರನ್ನೂ ಒಟ್ಟಿಗೆ ಮಾಡಬೇಡಿ. 40 ಮಾಡಿ, ಖಾಲಿಯಾದ ಮೇಲೆ ಮತ್ತೆ ತೆಗೆಯಿರಿ.

ಕಥೆ ಕಳಿಸುವವಳು:
ಬರೆಯುವವರ ಪರವಾಗಿ ನನ್ನದೊಂದು ಮಾತು. ಒಂದು ಸಣ್ಣ ಪತ್ರಿಕೆ ನನ್ನ ಕಥೆಯನ್ನು ಹದಿನಾಲ್ಕು ತಿಂಗಳು ಇಟ್ಟುಕೊಂಡು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಬೇರೆಡೆಗೆ ಕಳಿಸುವ ಹಾಗೂ ಇರಲಿಲ್ಲ. ತಿರಸ್ಕಾರ ಪರವಾಗಿಲ್ಲ, ಅದು ನಮಗೆ ಅಭ್ಯಾಸವಾಗಿರುತ್ತದೆ. ಈ ಮೌನ ಮಾತ್ರ ತಡೆಯಲು ಆಗುವುದಿಲ್ಲ. ಎಷ್ಟು ದಿನದಲ್ಲಿ ಉತ್ತರ ಕೊಡುತ್ತೀರಿ ಅಂತ ಮೊದಲೇ ಹೇಳಿ, ಹೇಳಿದ ಹಾಗೆ ಕೊಡಿ.

ಸಂಭಾವನೆ ಕೊಡಲು ಆಗದಿದ್ದರೆ ಅದನ್ನೂ ಮೊದಲೇ ಹೇಳಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಆದರೆ ಹಕ್ಕು ಪೂರ್ತಿ ಕೇಳಬೇಡಿ. ಮೊದಲು ಪ್ರಕಟಿಸುವ ಹಕ್ಕು ನಿಮಗೆ, ಇಷ್ಟು ತಿಂಗಳಾದ ಮೇಲೆ ಬೇರೆಡೆ ಕೊಡುವ ಸ್ವಾತಂತ್ರ್ಯ ಬರೆದವರಿಗೆ. ಇಷ್ಟನ್ನು ಇಮೇಲ್‌ನಲ್ಲಿ ನಾಲ್ಕು ಸಾಲು ಬರೆದಿಡಿ. ಗೆಳೆಯರಾದರೂ ಬರೆದಿಡಿ.

ಕಥೆಗೆ ಕರೆ ಕೊಡುವಾಗ ಬಾಗಿಲು ವರ್ಷವಿಡೀ ತೆರೆದಿಡಬೇಡಿ, ಎರಡು ವಾರ ಸಾಕು. 2023ರ ಫೆಬ್ರವರಿಯಲ್ಲಿ 'ಕ್ಲಾರ್ಕ್ಸ್‌ವರ್ಲ್ಡ್' ಅಂಥ ಹೆಸರಾಂತ ಪತ್ರಿಕೆಯೇ ಎಐ ಬರೆದ ಕಥೆಗಳ ರಾಶಿ ತಡೆಯಲಾರದೆ ಕಥೆ ತೆಗೆದುಕೊಳ್ಳುವುದನ್ನು ಸ್ವಲ್ಪ ಕಾಲ ನಿಲ್ಲಿಸಬೇಕಾಯಿತು. ನೀವು ಇರುವುದು ಮೂವರು.

ದೂರದ ಓದುಗ:
ಪಿಡಿಎಫ್ ಅನ್ನುವ ಗೆಳತಿಯ ಪರ ನಾನು. ಅಚ್ಚಿನ ಪ್ರತಿ ನನ್ನಂಥವರಿಗೆ ತಲುಪುವುದೇ ಇಲ್ಲ, ಅಂಚೆ ಖರ್ಚು ಪತ್ರಿಕೆಗಿಂತ ಜಾಸ್ತಿ ಆಗುತ್ತದೆ. 'ಸ್ಟ್ರೇಂಜ್ ಹೊರೈಜನ್ಸ್' ಅನ್ನುವ ವಿಜ್ಞಾನ ಕಥೆಗಳ ಪತ್ರಿಕೆ 2000ರಿಂದ ಆನ್‌ಲೈನ್‌ನಲ್ಲೇ ಬರುತ್ತಿದೆ, ಅದನ್ನು ನಡೆಸುವವರು ಸ್ವಯಂಸೇವಕರು. ಎರಡೂ ಮಾಡಬಹುದಲ್ಲ? ಅಚ್ಚು ಮೊದಲು, ತಿಂಗಳು ಬಿಟ್ಟು ಪಿಡಿಎಫ್. ಆದರೆ ಎ5 ಪುಟವೇ ಇಟ್ಟುಕೊಳ್ಳಿ, ಎರಡು ಕಾಲಂ ಮಾಡಿದರೆ ಫೋನಿನಲ್ಲಿ ಓದುವವರ ಕಣ್ಣು ಹೋಗುತ್ತದೆ.

ನೀಹಾರಿಕೆ:
ಎಲ್ಲರಿಗೂ ಥ್ಯಾಂಕ್ಸ್. ಹಾಳೆ ಮಡಚಿ ನೋಡಿದೆವು, 33 ಸರಿಯಾಗಿ ಬಂತು. 40 ಪ್ರತಿ ಅಚ್ಚು, ಆಮೇಲೆ ಪಿಡಿಎಫ್. ನಾಲ್ವರು ಕಥೆಗಾರರಿಗೂ ಹಕ್ಕಿನ ಬಗ್ಗೆ ಇಮೇಲ್ ಹೋಯ್ತು. ಒಂದೇ ತೊಡಕು ಉಳಿದಿದೆ. ಇದು ಮೊದಲ ಸಂಚಿಕೆ, ನಮಗೆ ಪತ್ರ ಬರೆದವರೇ ಇಲ್ಲ. ಆ ಎರಡು ಪುಟಕ್ಕೆ ಏನು ಹಾಕೋದು?

ಹಳೇ ಓದುಗ:
ನಿಮ್ಮ ಜಗಳ ಹಾಕಿ. ಅಚ್ಚು ಯಾಕೆ, ಪಿಡಿಎಫ್ ಯಾಕೆ ಅಂತ ಇಬ್ಬರೂ ಒಂದೊಂದು ಪುಟ ಬರೆಯಲಿ, ಕೊನೆಗೆ ಇಮೇಲ್ ವಿಳಾಸ ಕೊಡಿ. ನನ್ನ ಪತ್ರ ಮೊದಲು ಬರುತ್ತದೆ. ನಾನು ಅಚ್ಚಿನ ಕಡೆ.