ಹಳೇ ಸರ್ವರ್‌ಗೆ ಹೊಸ ಆಪ್ ಹೊಂದುತ್ತಾ? ಮೊದಲೇ ನೋಡೋದು ಹೇಗೆ, ಅನುಭವ ಇದ್ದವರು ಹೇಳಿ

ಸೊಸೈಟಿ ಗುಮಾಸ್ತ, ಸಾಗರ: ಸದಸ್ಯರ ಲೆಕ್ಕಕ್ಕೆ ಹೊಸ ವೆಬ್ ಆಪ್ ತಗೊಳ್ತಿದ್ದೇವೆ. ಆಪ್ ಓಡೋಕೆ ಪಿಎಚ್‌ಪಿ ಭಾಷೆಯ 8.2, ಡೇಟಾಬೇಸ್‌ಗೆ ಮೈಎಸ್‌ಕ್ಯುಎಲ್ 8 ಬೇಕಂತೆ. ನಮ್ಮ ಸರ್ವರ್‌ನ ಆಪರೇಟಿಂಗ್ ಸಿಸ್ಟಮ್ ಸೆಂಟ್‌ಓಎಸ್ 7. ಅಡ್ವಾನ್ಸ್ ಕೊಡುವ ಮೊದಲು ಏನೇನು ನೋಡಬೇಕು?

ಮೇಷ್ಟ್ರು, ತೀರ್ಥಹಳ್ಳಿ: ಶಾಲೆಗೆ ಆನ್‌ಲೈನ್ ಪಾಠದ ಆಪ್ ಮೂಡಲ್ 4.5 ಹಾಕುವಾಗ ಮೂರು ರಾತ್ರಿ ನಿದ್ದೆಗೆಟ್ಟೆ. ಅದಕ್ಕೆ ಪಿಎಚ್‌ಪಿ 8.1 ಆದರೂ ಬೇಕು. ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡೋ ಕಿಟಕಿ) ನೋಡಿದರೆ 8.1 ಅಂತಲೇ ಬಂತು, ಬ್ರೌಸರ್‌ನಲ್ಲಿ ಮಾತ್ರ ವರ್ಶನ್ ಹಳೇದು ಅಂತ ಕೆಂಪು ಸಾಲು. ಕೊನೆಗೆ ಪಿಎಚ್‌ಪಿ ವಿವರ ತೋರಿಸೋ ಪಿಎಚ್‌ಪಿಇನ್ಫೋ ಫೈಲ್ ಮಾಡಿ ಬ್ರೌಸರ್‌ನಲ್ಲೇ ತೆರೆದೆ: 7.4.33! ವೆಬ್ ಸರ್ವರ್ ಓಡಿಸುತ್ತಿದ್ದ ಪಿಎಚ್‌ಪಿಯೇ ಬೇರೆ. ಸೆಟ್ಟಿಂಗ್ ಬರೆಯೋ ಇನಿ ಫೈಲೂ ಎರಡು. ಮ್ಯಾಕ್ಸ್ ಇನ್‌ಪುಟ್ ವಾರ್ಸ್ (ಒಂದು ಸಲಕ್ಕೆ ಎಷ್ಟು ಮಾಹಿತಿ ತಗೋಬಹುದು ಅನ್ನೋ ಮಿತಿ) 5000 ಅಂತ ನಾನು ಹಾಕಿದ್ದು ಟರ್ಮಿನಲ್ಲಿನದಕ್ಕೆ, ವೆಬ್‌ನಲ್ಲಿ 1000 ಹಾಗೇ ಇತ್ತು. ಹೋಸ್ಟಿಂಗ್‌ನವರು ಬದಲಿಸಿಕೊಡೋಕೆ 2,800 ರೂಪಾಯಿ ತಗೊಂಡರು, ಕೈಯಿಂದಲೇ ಕೊಟ್ಟೆ. ಆ ಪಿಎಚ್‌ಪಿಇನ್ಫೋ ಫೈಲ್ ನೋಡಿದ ಮೇಲೆ ಅಳಿಸಿ, ಊರಿಗೆಲ್ಲ ಕಾಣುತ್ತದೆ.

ಮಂಡಿ ಲೆಕ್ಕ, ಹೊಸನಗರ: ಸೆಂಟ್‌ಓಎಸ್ 7 ಬಿಟ್ಟುಬಿಡಿ ಮಾರಾಯ್ರೇ. 2024ರ ಜೂನ್ 30ಕ್ಕೇ ಅದರ ಬೆಂಬಲ ಮುಗಿದಿದೆ. ನಾನು ಹಟ ಹಿಡಿದು ಹೊರಗಿನ ರೆಪೋದಿಂದ (ಸಾಫ್ಟ್‌ವೇರ್ ಸಿಗೋ ತಾಣ) ಪಿಎಚ್‌ಪಿ 8 ಹಾಕಿದೆ. ಹೊಸ ಆಪ್ ಎದ್ದಿತು, ಹಳೇ ಬಿಲ್ಲಿಂಗ್ ಬಿತ್ತು. ಅದರ ತುಂಬ ಡೇಟಾಬೇಸ್‌ಗೆ ಜೋಡಿಸೋ ಹಳೇ ಆದೇಶ ಮೈಎಸ್‌ಕ್ಯುಎಲ್ ಕನೆಕ್ಟ್, ಅದನ್ನು ಪಿಎಚ್‌ಪಿ 7ರಲ್ಲೇ ತೆಗೆದಿದ್ದಾರೆ. ಅಡಿಕೆ ಸುಗ್ಗಿ ಸಮಯ. ಹನ್ನೊಂದು ದಿನ ರಾಶಿ, ಬೆಟ್ಟೆ ಅಂತ ಕೈಯಲ್ಲೇ ಚೀಟಿ ಬರೆದೆವು. ಈಗ ಉಬುಂಟು 24.04 ಇರೋ ವಿಪಿಎಸ್ (ಬಾಡಿಗೆ ಸರ್ವರ್), ತಿಂಗಳಿಗೆ 900. ನೆಮ್ಮದಿ.

ಡಾಕರ್ ಬಳಸುವವನು, ಭದ್ರಾವತಿ: ತಿಂಗಳು ತಿಂಗಳು 900 ಯಾಕೆ ಸುರಿಯಬೇಕು? ಆಫೀಸಿನ ಮೂಲೆಯ ಒಂದೇ ಮೆಷಿನ್‌ನಲ್ಲಿ ನನ್ನ ಎರಡು ಡಾಕರ್ ಕಂಟೇನರ್ (ಬೇರೆ ಬೇರೆ ಡಬ್ಬಿ ಇದ್ದ ಹಾಗೆ) ಓಡ್ತಿವೆ, ಒಂದರಲ್ಲಿ ಪಿಎಚ್‌ಪಿ 5.6, ಇನ್ನೊಂದರಲ್ಲಿ 8.2. ಖರ್ಚು 4 ಜಿಬಿ ರ‍್ಯಾಮ್‌ಗೆ 1,650 ಮಾತ್ರ. ಮೊದಲು 2 ಜಿಬಿ ಇತ್ತು, ರಾತ್ರಿ ಬ್ಯಾಕಪ್ ಹೊತ್ತಿಗೆ ಮೈಎಸ್‌ಕ್ಯುಎಲ್ ಸಾಯುತ್ತಿತ್ತು. ವರ್ಶನ್ ಒಂದೇ ನೋಡಿದರೆ ಸಾಲದು.

ಮಂಡಿ ಲೆಕ್ಕ, ಹೊಸನಗರ: 5.6 ಇನ್ನೂ ಓಡಿಸ್ತಿದ್ದೀರಾ? ಅದಕ್ಕೆ ಸೆಕ್ಯುರಿಟಿ ಪ್ಯಾಚ್ ನಿಂತಿದ್ದು 2018ರಲ್ಲಿ! ಆಫೀಸ್ ಮೆಷಿನ್ ಮಾತಂತೂ ಬೇಡ. ನಮ್ಮಲ್ಲಿ ಆಷಾಢದಲ್ಲಿ ಲೈನ್ ಮೇಲೆ ಮರ ಬಿದ್ದರೆ ಎರಡು ದಿನ ಕರೆಂಟಿಲ್ಲ.

ಡಾಕರ್ ಬಳಸುವವನು, ಭದ್ರಾವತಿ: ಅದು ಆಫೀಸಿನ ಹೊರಗೆ ಯಾರಿಗೂ ಸಿಗಲ್ಲ. ಓದದೆ ಬೈಬೇಡಿ. ಯುಪಿಎಸ್ ಇದೆ.

ಮಂಡಿ ಲೆಕ್ಕ, ಹೊಸನಗರ: ಯುಪಿಎಸ್ ಎರಡು ದಿನ ಬರುತ್ತಾ?

ಲೈಬ್ರರಿ ಅಕ್ಕ, ಕೊಪ್ಪ: ಜಗಳ ಆಮೇಲೆ. ಟೇಬಲ್‌ಗಳ ಕ್ಯಾರೆಕ್ಟರ್ ಸೆಟ್, ಅಂದ್ರೆ ಯಾವ ಲಿಪಿಯ ಅಕ್ಷರ ಹಿಡಿಯುತ್ತೆ ಅನ್ನೋದು, ನೋಡಿದ್ದೀರಾ? ನಮ್ಮ ಹೊಸ ಟೇಬಲ್ ಲ್ಯಾಟಿನ್1 ಆಗಿತ್ತು, ಅದಕ್ಕೆ ಕನ್ನಡ ಬರಲ್ಲ, ಡೇಟಾಬೇಸ್ ಚಕಾರ ಎತ್ತದೆ ಎಲ್ಲ ನುಂಗಿತು. ಬೆಳಿಗ್ಗೆ ತೆರೆದರೆ ಓದುಗರ ಹೆಸರಿರಬೇಕಾದಲ್ಲಿ ಬರೀ ಪ್ರಶ್ನೆ ಚಿಹ್ನೆ. 640 ಹೆಸರನ್ನು ರಿಜಿಸ್ಟರ್ ನೋಡಿ ಮತ್ತೆ ಟೈಪ್ ಮಾಡಿದ್ದೇನೆ, ಕೈ ಇನ್ನೂ ನೋಯ್ತಿದೆ. ಕನ್ನಡ ಹಿಡಿಯೋ ಯುಟಿಎಫ್8ಎಂಬಿ4 ಇದೆಯಾ ನೋಡಿ.

ಸೊಸೈಟಿ ಗುಮಾಸ್ತ, ಸಾಗರ: ಮೇಷ್ಟ್ರೇ, ಬ್ರೌಸರ್‌ನಲ್ಲಿ ತೆರೆದೆ. 5.4.16 ಅಂತಿದೆ. ಅಡ್ವಾನ್ಸ್ ಚೆಕ್ ತಡೆಹಿಡಿದಿದ್ದೇನೆ.

ಡಾಕರ್ ಬಳಸುವವನು, ಭದ್ರಾವತಿ: ಯುಪಿಎಸ್‌ಗೆ ಬ್ಯಾಟರಿ ಜಾಸ್ತಿ ಹಾಕಿದರೆ ಬರುತ್ತೆ.