ಸಹಾಯ ಬೇಕು: ಬಸ್ ನಿಲ್ದಾಣದ ನೆಲಮಾಳಿಗೆಯ ಗಾಳಿ ವ್ಯವಸ್ಥೆ

ಎಲ್ಲರಿಗೂ ನಮಸ್ಕಾರ. ಜಿಲ್ಲಾ ಕೇಂದ್ರವೊಂದರ ಬಸ್ ನಿಲ್ದಾಣದ ಪಂಪು, ಲಿಫ್ಟ್, ಎಕ್ಸಾಸ್ಟ್ ಫ್ಯಾನ್‌ಗಳನ್ನು ಪರೀಕ್ಷಿಸಿ, ಏನನ್ನು ಬದಲಿಸಬೇಕೆಂದು ನಾನು ವರದಿ ಕೊಡಬೇಕಾಗಿದೆ. ಪಂಪು, ಲಿಫ್ಟಿನ ಕೆಲಸ ಮುಗಿದಿದೆ. ಉಳಿದಿರುವುದು ನೆಲಮಾಳಿಗೆಯ ಬೈಕ್ ನಿಲುಗಡೆ.

ಅಲ್ಲಿ ನಾಲ್ಕು ಫ್ಯಾನ್‌ಗಳಿದ್ದರೂ ತಿರುಗುವುದು ಎರಡೇ, ಅವೂ ಬೆಲ್ಟ್ ಸಡಿಲಗೊಂಡು ಕಿರುಚುತ್ತವೆ. ಸಂಜೆಯ ಹೊತ್ತಿಗೆ ಹೊಗೆಯಿಂದ ಕಣ್ಣು ಉರಿಯುತ್ತದೆ. ಚೀಟಿ ಕೊಡುವ ಅಮ್ಮ ದಿನವಿಡೀ ಅಲ್ಲೇ ಕುಳಿತಿರುತ್ತಾರೆ. ಅವರ ಕೆಮ್ಮು ಕೇಳಿದ ಮೇಲೆ ಈ ವರದಿಯನ್ನು ಕಾಟಾಚಾರಕ್ಕೆ ಬರೆಯಲು ನನಗೆ ಮನಸ್ಸಿಲ್ಲ.

ಮೂಲ ನಕ್ಷೆಗಳು ಸಿಕ್ಕಿಲ್ಲ. ಗ್ರಿಲ್‌ಗಳ ಬಾಯಲ್ಲಿ ಅನಿಮೋಮೀಟರ್ (ಗಾಳಿಯ ವೇಗ ಅಳೆಯುವ ಸಾಧನ) ಹಿಡಿದು, ಹಲವು ಕಡೆಯ ವೇಗದ ಸರಾಸರಿಯನ್ನು ವಿಸ್ತೀರ್ಣದಿಂದ ಗುಣಿಸಿ ಗಾಳಿಯ ಪ್ರಮಾಣ ಲೆಕ್ಕ ಹಾಕಿದೆ. ಫ್ಯಾನ್ ಬಳಿ ಅಳೆದಾಗ ಅಂಕಿ ತುಂಬಾ ಹೆಚ್ಚು ಬಂತು. ಡಕ್ಟಿನ (ಗಾಳಿ ಸಾಗುವ ಕೊಳವೆಯ) ಕೀಲುಗಳಲ್ಲಿ ಸೋರಿಕೆ ಇರಬೇಕೆಂಬುದು ನನ್ನ ಊಹೆ. ಹಾಗಿದ್ದರೆ ಮೋಟಾರ್ ಬದಲಿಸುವ ಮೊದಲು ಡಕ್ಟ್ ಸರಿಪಡಿಸಬೇಕಲ್ಲವೇ? ಸೋರಿಕೆಯ ಜಾಗ ಹುಡುಕಲು ಹೊಗೆ ಬಿಟ್ಟು ನೋಡುವುದು ಸಾಕೇ?

ಇನ್ನೊಂದು ಪ್ರಶ್ನೆ. ವೇಗವನ್ನು ಶೇ 80ಕ್ಕೆ ಇಳಿಸಿದರೆ ಫ್ಯಾನಿನ ವಿದ್ಯುತ್ ಬಳಕೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದ ಕಾರ್ಬನ್ ಮಾನಾಕ್ಸೈಡ್ ಸಂವೇದಕಕ್ಕೆ ಜೋಡಿಸಿದ ವಿಎಫ್‌ಡಿ (ಮೋಟಾರಿನ ವೇಗವನ್ನು ಹೆಚ್ಚು ಕಡಿಮೆ ಮಾಡುವ ಸಾಧನ) ಸೂಚಿಸಬೇಕೆಂದಿದ್ದೇನೆ. ಹಳೆಯ ಮೋಟಾರ್‌ಗಳ ಇನ್ಸುಲೇಷನ್ ಅದನ್ನು ತಡೆದುಕೊಳ್ಳುತ್ತದೆಯೇ? ಬೆಂಕಿ ಬಿದ್ದಾಗ ಅವು ಪೂರ್ಣ ವೇಗದಲ್ಲಿ ಓಡಲೇಬೇಕು; ಆ ಜೋಡಣೆಯನ್ನು ನಿಲ್ದಾಣಗಳಲ್ಲಿ ಮಾಡಿಸಿದ ಅನುಭವ ಇರುವವರು ದಯವಿಟ್ಟು ತಿಳಿಸಿ. ಅಳತೆಗಳ ಪಟ್ಟಿ, ಫೋಟೋಗಳು ನನ್ನಲ್ಲಿವೆ, ಕೇಳಿದವರಿಗೆ ಕಳುಹಿಸುತ್ತೇನೆ.